ಕರೋಶಿಯಿಂದ ಸಾಂಬ್ರಾಕ್ಕೆ: ರನ್‌ವೇಯ ಅಳತೆಯೂ ನೆರೆಮನೆಯ ನಿದ್ದೆಯೂ

ಚಿಕ್ಕೋಡಿ ಸೀಮೆಯೆಂದೊಡನೆ ನಮ್ಮ ಸಮಾಜದ ಮನೆಗಳಲ್ಲಿ ಮೊದಲು ನೆನಪಾಗುವುದು ಯಡೂರಿನ ವೀರಭದ್ರ, ನಿಡಸೋಸಿಯ ದುರದುಂಡೀಶ್ವರ ಮಠ, ಚಿಂಚಣಿಯ ಅಲ್ಲಮಪ್ರಭು ಸಿದ್ಧಸಂಸ್ಥಾನ ಮಠ. ಅನಂತರ ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು, ಆ ನೀರಿನಿಂದ ಎದ್ದ ಕಬ್ಬಿನ ತೋಟಗಳು, ನಿಪ್ಪಾಣಿಯ ತಂಬಾಕಿನ ಪೇಟೆ. ವಿಮಾನದ ಮಾತಿಗೆ ಈ ಸೀಮೆಯಲ್ಲಿ ಎಡೆಯೆಲ್ಲಿಯದು ಎಂದು ವಾಚಕ ಬಂಧುಗಳು ಕೇಳಬಹುದು. ಆದರೆ ಚಿಕ್ಕೋಡಿ ತಾಲೂಕಿನ ಕರೋಶಿಗೆ ಆಪ್ತರೊಬ್ಬರ ಮನೆಯ ಗುರುಪ್ರವೇಶಕ್ಕೆಂದು ನಾವು ಹೋಗಿದ್ದಾಗ, ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ನಡೆದ ಮಾತುಕತೆ ಸಂಜೆಯವರೆಗೂ ವಿಮಾನದ ಸುತ್ತಲೇ ಸುತ್ತಿತು.

ಕರೋಶಿಯು ಎರಡು ವಿಮಾನ ನಿಲ್ದಾಣಗಳ ನಡುವಿನ ಊರು. ವಾಯವ್ಯಕ್ಕೆ ಹೋದರೆ ಕೊಲ್ಹಾಪುರದ ಉಜಳಾಯಿವಾಡಿ, ದಕ್ಷಿಣಕ್ಕೆ ಹೋದರೆ ಬೆಳಗಾವಿಯ ಸಾಂಬ್ರಾ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆ ಮನೆಯ ಹಿರಿಯ ಮಗನು ಅಲ್ಲಿನ ಜಕ್ಕೂರು ವಿಮಾನ ಮೈದಾನದ ಸಮೀಪ ಒಂದು ಫ್ಲ್ಯಾಟು ಕೊಳ್ಳುವ ವಿಚಾರದಲ್ಲಿದ್ದನು. ಅಮೆರಿಕದಲ್ಲಿ ಮನೆಮನೆಯ ಅಂಗಳದಲ್ಲಿ ಸ್ವಂತ ವಿಮಾನ ನಿಲ್ಲಿಸುವ ಬಡಾವಣೆಗಳಿವೆ ಎಂಬುದನ್ನೂ ಆತನೇ ಹೇಳಿದನು. ಎಂಬತ್ತು ದಾಟಿದ ಅಜ್ಜನವರು ಎಲೆಯಡಿಕೆಯ ಚೀಲವನ್ನು ಮಡಿಚಿಟ್ಟು ಕೇಳಿದರು:

“ಮನಿ ಮುಂದ ವಿಮಾನ ನಿಲ್ಲಸ್ತಾರಂದ್ರ, ನಮ್ಮ ಹೊಲದಾಗೂ ಇಳಸಬಹುದಲ್ಲೋ ತಮ್ಮಾ? ರೊಕ್ಕ ಇದ್ದವ್ರಿಗೆ ಏನ್ ಅಡ್ಡಿ?”

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ನಕ್ಕು ಹೇಳಿದಳು: “ಇಳಸಬಹುದು ಅಜ್ಜಾ. ಆದ್ರ ಯಾವ ವಿಮಾನ, ಎಷ್ಟ ತೂಕ, ಎಂಥಾ ಬಿಸಲು ಅನ್ನೂದು ನೋಡಬೇಕಾಗ್ತದ. ಇಳದಿದ್ದು ಮತ್ತ ಏಳಬೇಕಲ್ಲ!”

ಅಜ್ಜನವರ ಪ್ರಶ್ನೆ ಸಣ್ಣದಲ್ಲ. ಹಣವುಳ್ಳವರು ಸ್ವಂತ ಜೆಟ್ ವಿಮಾನ ಇಟ್ಟುಕೊಳ್ಳುವ ಕಾಲವಿದು. ಮನೆಗಳ ನಡುವಣ ಚಿಕ್ಕ ರನ್‌ವೇಯಿಂದ ಅಂಥ ದೊಡ್ಡ ವಿಮಾನವನ್ನು ನಡೆಸಬಹುದೇ, ನಡೆಸಬೇಕೇ ಎಂಬ ಎರಡು ಪ್ರಶ್ನೆಗಳು ಅದರೊಳಗೆ ಅಡಗಿವೆ.

ಅಂಗಳದ ಲೆಕ್ಕ

ಮೊಮ್ಮಗಳು ಕಾಗದ ತಂದು ಲೆಕ್ಕ ಹಾಕಿ ತೋರಿಸಿದಳು. ವಿಮಾನವನ್ನು ಎತ್ತುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಊರು ಎತ್ತರದಲ್ಲಿದ್ದಷ್ಟೂ ಗಾಳಿ ತೆಳುವು; ಬಿಸಿಲು ಏರಿದಷ್ಟೂ ಇನ್ನೂ ತೆಳುವು. ತೆಳು ಗಾಳಿಯಲ್ಲಿ ರೆಕ್ಕೆಗೂ ಇಂಜಿನಿಗೂ ಬಲ ಕುಂದುವುದರಿಂದ ವಿಮಾನವು ಹೆಚ್ಚು ದೂರ ಓಡಬೇಕಾಗುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸ್ಥೂಲ ಲೆಕ್ಕದಂತೆ ಪ್ರತಿ 300 ಮೀಟರು ಎತ್ತರಕ್ಕೆ ರನ್‌ವೇಯ ಉದ್ದವನ್ನು ನೂರಕ್ಕೆ 7ರಷ್ಟು, ಆ ಎತ್ತರಕ್ಕೆ ಗೊತ್ತುಪಡಿಸಿದ ಉಷ್ಣಾಂಶವನ್ನು ಮೀರಿದ ಪ್ರತಿಯೊಂದು ಡಿಗ್ರಿಗೆ ನೂರಕ್ಕೆ 1ರಷ್ಟು ಹೆಚ್ಚಿಸಬೇಕು. 600 ಮೀಟರು ಎತ್ತರದ ನೆಲದಲ್ಲಿ ಗೊತ್ತುಪಡಿಸಿದ ಉಷ್ಣಾಂಶ ಸುಮಾರು 11 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಇಲ್ಲಿ 38 ಡಿಗ್ರಿಯಾದರೆ ಅಂತರ 27. ಹೀಗಾಗಿ ಸಮುದ್ರದ ದಂಡೆಯಲ್ಲಿ 1000 ಮೀಟರಿನಲ್ಲಿ ಏಳುವ ವಿಮಾನವು ಈ ಸೀಮೆಯಲ್ಲಿ ಸುಮಾರು 1450 ಮೀಟರು ಓಡಬೇಕು.

ಇನ್ನು ವಿಮಾನದ ಗಾತ್ರ. ಕಲಿಕೆಯವರು ಹಾರಿಸುವ ಸೆಸ್ನಾ 172 ಒಂದು ಟನ್ನಿಗಿಂತ ತುಸು ಹೆಚ್ಚು ತೂಗುತ್ತದೆ. ಸ್ವಿಟ್ಜರ್ಲೆಂಡಿನ ಪಿಲಾಟಸ್ ಪಿಸಿ-24 ಚಿಕ್ಕ ರನ್‌ವೇಗೆಂದೇ ರಚಿಸಲಾದ ಸಣ್ಣ ಜೆಟ್ಟು. ಸಮುದ್ರಮಟ್ಟದಲ್ಲಿ 900 ಮೀಟರಿನೊಳಗೆ ಏಳಬಲ್ಲದು, ಡಾಂಬರಿಲ್ಲದ ಗಟ್ಟಿ ನೆಲದ ಮೇಲೂ ಇಳಿಯಬಲ್ಲದು. ಸಿರಿವಂತರ ದೊಡ್ಡ ಜೆಟ್ಟಾದ ಗಲ್ಫ್‌ಸ್ಟ್ರೀಮ್ ಜಿ-650 ಅನ್ನು ನೋಡಿ: ಟ್ಯಾಂಕು ತುಂಬಿದಾಗ ಸುಮಾರು 45 ಟನ್ನು, ಸಮುದ್ರಮಟ್ಟದಲ್ಲಿ ಏಳಲು ಸುಮಾರು 1786 ಮೀಟರು. ಅದೇ ಸ್ಥೂಲ ಲೆಕ್ಕವನ್ನು ಇದಕ್ಕೂ ಅನ್ವಯಿಸಿದರೆ ನಮ್ಮ ಸೀಮೆಯ ಬೇಸಿಗೆಯ ನಡುಹಗಲಲ್ಲಿ 2500 ಮೀಟರು ದಾಟುತ್ತದೆ.

“ಇಳ್ಯಾಕ ಅಷ್ಟ ಬೇಕಾಗೂದಿಲ್ಲಲ್ಲ?” ಎಂದರು ಅಜ್ಜನವರು. ಅವರ ಊಹೆ ನಿಜವೇ. ಆ ಜೆಟ್ಟು ಇಳಿದು ನಿಲ್ಲಲು ಪುಸ್ತಕದ ಲೆಕ್ಕದಲ್ಲಿ 914 ಮೀಟರು ಸಾಕು. ಆದರೆ ಪುಸ್ತಕದ ಲೆಕ್ಕವೆಂದರೆ ಒಣ ನೆಲ, ಹೊಸ ಬ್ರೇಕು, ನುರಿತ ಕೈ. ಆದ್ದರಿಂದ ಬಾಡಿಗೆಗೆ ಜನರನ್ನು ಒಯ್ಯುವ ಜೆಟ್ಟುಗಳು ರನ್‌ವೇಯ ನೂರಕ್ಕೆ 60ರೊಳಗೆ ನಿಲ್ಲುವಂತಿರಬೇಕೆಂಬುದು ಅಮೆರಿಕದ ಸಾಮಾನ್ಯ ನಿಯಮ. ಆ ಪ್ರಕಾರ 914 ಮೀಟರಿಗೆ 1523 ಮೀಟರಿನ ರನ್‌ವೇ ಬೇಕು. ಮಳೆಗೆ ನೆಲ ತೊಯ್ದಿದ್ದರೆ ಇನ್ನೂ ನೂರಕ್ಕೆ 15ರಷ್ಟು ಸೇರಿ 1750 ಮೀಟರಾಗುತ್ತದೆ. ಮಾಲೀಕನು ತನ್ನ ಸ್ವಂತಕ್ಕೆ ಹಾರುವಾಗ ಅಲ್ಲಿ ಈ ಅರುವತ್ತರ ನಿಯಮ ಅನ್ವಯಿಸುವುದಿಲ್ಲ. ಬಾಡಿಗೆಯ ಪ್ರಯಾಣಿಕನಿಗೆ ಕಾನೂನು ಕೊಟ್ಟ ಅಂತರವನ್ನು ಸ್ವಂತ ಹೆಂಡಿರುಮಕ್ಕಳಿಗೆ ಮಾಲೀಕನೇ ತನ್ನ ವಿವೇಕದಿಂದ ಕೊಡಬೇಕಾಗುತ್ತದೆ.

ಏಳುವಾಗಿನ ಲೆಕ್ಕ ಇನ್ನೂ ಸೂಕ್ಷ್ಮ. ಓಡುವ ಜೆಟ್ಟಿಗೆ ಒಂದು ನಿರ್ಧಾರದ ವೇಗವುಂಟು. ಅದನ್ನು ಮುಟ್ಟುವ ಮೊದಲು ಒಂದು ಇಂಜಿನು ನಿಂತರೆ ಉಳಿದ ರನ್‌ವೇಯಲ್ಲಿ ವಿಮಾನವು ನಿಲ್ಲಬೇಕು. ಮುಟ್ಟಿದ ಮೇಲೆ ನಿಂತರೆ ಉಳಿದೊಂದೇ ಇಂಜಿನಿನಿಂದ ಮೇಲೇರಬೇಕು. ರನ್‌ವೇ ಚಿಕ್ಕದಾದರೆ ಈ ಎರಡೂ ಮಾತು ಕೂಡಿಬರುವುದಿಲ್ಲ. ಆಗ ಉಳಿಯುವ ಉಪಾಯವೊಂದೇ, ಭಾರ ಇಳಿಸುವುದು. ನಸುಕಿನ ತಂಪಿನಲ್ಲಿ, ಕೆಲವೇ ಜನರೊಡನೆ, ಹತ್ತಿರದ ದೊಡ್ಡ ನಿಲ್ದಾಣಕ್ಕೆ ಸಾಲುವಷ್ಟೇ ಇಂಧನದೊಡನೆ ಎದ್ದು, ಅಲ್ಲಿ ಟ್ಯಾಂಕು ತುಂಬಿಸಿಕೊಂಡು ದೂರದೇಶಕ್ಕೆ ಹೋಗುವುದು. ಚಿಕ್ಕ ರನ್‌ವೇಯನ್ನು ಬಳಸುವ ಜೆಟ್ಟಿನವರು ಮಾಡುವುದು ಇದನ್ನೇ.

ಅಜ್ಜನವರ ಹೊಲದ ಪ್ರಶ್ನೆಗೂ ಉತ್ತರ ದೊರೆಯಿತು. 1200 ಮೀಟರು ಉದ್ದ, 30 ಮೀಟರು ಅಗಲದ ರನ್‌ವೇಗೆ ಬರಿಯ ಹಾಸೇ ಸುಮಾರು 9 ಎಕರೆ. ನಡುಗೆರೆಯಿಂದ ಎಡಬಲಕ್ಕೆ 75 ಮೀಟರು, ಎರಡು ತುದಿಗೆ 60 ಮೀಟರು ಬಯಲು ಬಿಟ್ಟರೆ 49 ಎಕರೆ. ಅಷ್ಟಾದರೂ ದೊಡ್ಡ ಜೆಟ್ಟಿಗೆ ಸಾಲದು. ಅಜ್ಜನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಬ್ಬಾಂವ ಹಾರಾಕ ಎಷ್ಟ ಮಂದೀದ ಕಬ್ಬ ಕಡೀಬೇಕೋ!” ಎಂದರು.

ಯುದ್ಧದ ನೆಲ, ಅರಸರ ನೆಲ

ಮರುದಿನ ನಾವು ಅಜ್ಜನವರನ್ನೂ ಮೊಮ್ಮಗಳನ್ನೂ ಕರೆದುಕೊಂಡು ಸಾಂಬ್ರಾಕ್ಕೆ ಹೊರಟೆವು. ಸಂಕೇಶ್ವರದ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿಯನ್ನು ಸೇರಿ ಬೆಳಗಾವಿಗೆ ಬಂದು, ಅಲ್ಲಿಂದ ಬಾಗಲಕೋಟೆ ರಸ್ತೆಯಲ್ಲಿ ಪೂರ್ವಕ್ಕೆ ಸುಮಾರು 10 ಕಿಲೋಮೀಟರು ಸಾಗಿದರೆ ಸಾಂಬ್ರಾ. 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಬ್ರಿಟಿಷರ ವಾಯುಪಡೆಯು ಬರ್ಮಾ ರಣರಂಗದ ತರಬೇತಿಗೆಂದು ಇದನ್ನು ನಿರ್ಮಿಸಿತು. ಸ್ವಾತಂತ್ರ್ಯಾನಂತರ ಭಾರತೀಯ ವಾಯುಪಡೆಯ ತರಬೇತಿ ಶಾಲೆಯು ಇಲ್ಲಿ ನೆಲೆಗೊಂಡಿತು. ನಾಗರಿಕ ವಿಮಾನಗಳಿಗಾಗಿ ರನ್‌ವೇಯನ್ನು 1830 ಮೀಟರಿನಿಂದ 2300 ಮೀಟರಿಗೆ ವಿಸ್ತರಿಸಿ, ಹೊಸ ಕಟ್ಟಡವನ್ನು 2017ರ ಸೆಪ್ಟೆಂಬರ್ 14ರಂದು ಉದ್ಘಾಟಿಸಲಾಯಿತು. ಈ ವಿಸ್ತಾರಕ್ಕೆ ರಾಜ್ಯ ಸರಕಾರವು 370 ಎಕರೆ ಭೂಮಿಯನ್ನು ಒದಗಿಸಿತು.

ಕೊಲ್ಹಾಪುರದ ನಿಲ್ದಾಣದ ಕಥೆ ಬೇರೆ. ಛತ್ರಪತಿ ರಾಜಾರಾಮ ಮಹಾರಾಜರು 1930ರ ದಶಕದಲ್ಲಿ ತಮ್ಮ ಸಂಸ್ಥಾನಕ್ಕಾಗಿ ಕಟ್ಟಿಸಿದ ಮೈದಾನವದು. ಬಹುಕಾಲ 1370 ಮೀಟರಿನಷ್ಟೇ ಇದ್ದ ಅಲ್ಲಿನ ರನ್‌ವೇಯನ್ನು ಈಚೆಗೆ 1900 ಮೀಟರಿಗೂ ಮೀರಿ ಬೆಳೆಸಲಾಗಿದೆ. ಹೊಸ ಕಟ್ಟಡವು 2024ರ ಮಾರ್ಚಿನಲ್ಲಿ ಉದ್ಘಾಟನೆಗೊಂಡಿತು. ಕೊಲ್ಹಾಪುರ ಸೀಮೆಯ ಸಂಜಯ ಘೋಡಾವತ್ ಸಮೂಹದ ಸ್ಟಾರ್ ಏರ್ 2019ರಲ್ಲಿ 50 ಆಸನಗಳ ಎಂಬ್ರೇಯರ್ ಇಆರ್‌ಜೆ-145 ವಿಮಾನಗಳೊಡನೆ ಸೇವೆ ಆರಂಭಿಸಿ, ನಮ್ಮ ಭಾಗದ ಊರುಗಳನ್ನು ದೂರದ ನಗರಗಳಿಗೆ ಜೋಡಿಸಿತು. ಇದೇ ವಿಮಾನ ಕುಟುಂಬದ ಒಡಲನ್ನು ಬಳಸಿ ಎಂಬ್ರೇಯರ್ ಕಂಪನಿಯು ಲೆಗಸಿ 600 ಎಂಬ ಸಿರಿವಂತರ ಖಾಸಗಿ ಜೆಟ್ಟನ್ನು ಮಾಡಿತು. ಒಡಲು ಒಂದೇ ಬಗೆಯದು. ಒಂದರಲ್ಲಿ ಐವತ್ತು ಜನ, ಇನ್ನೊಂದರಲ್ಲಿ ಹತ್ತು ಹನ್ನೆರಡು ಜನ. ಅಂತರವು ಲೋಹದಲ್ಲಿಲ್ಲ, ಬಳಕೆಯಲ್ಲಿದೆ.

ಬಳ್ಳಾರಿಯ ತೋರಣಗಲ್ಲಿನ ಬಳಿ ಉಕ್ಕಿನ ಕಾರ್ಖಾನೆಯವರು ತಮ್ಮ ವಿದ್ಯಾನಗರ ವಸತಿ ಬಡಾವಣೆಯ ಮಗ್ಗುಲಲ್ಲಿಯೇ ಖಾಸಗಿ ವಿಮಾನ ನಿಲ್ದಾಣವನ್ನು ಇಟ್ಟುಕೊಂಡಿದ್ದಾರೆ. 2017ರಲ್ಲಿ ಕೇಂದ್ರ ಸರಕಾರದ ಉಡಾನ್ ಯೋಜನೆಯಡಿ ಅಲ್ಲಿ ಟ್ರೂಜೆಟ್ ಕಂಪನಿಯ ಎಟಿಆರ್ ವಿಮಾನಗಳು ಹೈದರಾಬಾದಿನಿಂದ ಬರತೊಡಗಿದವು. ಕಂಪನಿಯವರ ಅಂಗಳದ ದಾರಿಯಲ್ಲಿ ಸಾಮಾನ್ಯ ಪ್ರಯಾಣಿಕನೂ ಇಳಿಯುವಂತಾದುದು ಒಳ್ಳೆಯ ಮೇಲ್ಪಂಕ್ತಿ.

ಬಳ್ಳಾರಿಗೆ ವಿಮಾನದ ನಂಟು ಹಳೆಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಅಂಚೆಚೀಲ ಹೊತ್ತು ಕರಾಚಿಯಿಂದ ಮುಂಬಯಿಯ ಜುಹುವಿಗೆ ಬಂದರು. ಅಲ್ಲಿಂದ ನೆವಿಲ್ ವಿನ್ಸೆಂಟರು ಅದೇ ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಆ ಪುಸ್ ಮಾತ್ ವಿಮಾನಕ್ಕೆ ಚಿಕ್ಕ ಬಯಲು ಸಾಕಾಗಿತ್ತು. ವಿಮಾನಗಳು ದೊಡ್ಡವಾದವು, ಜುಹುವಿನ ರನ್‌ವೇ ಹಾಗೆಯೇ ಉಳಿಯಿತು, ಸುತ್ತಲೂ ಮನೆಗಳು ಎದ್ದವು.

ಇಳಿದುದು ಏಳಬೇಕು

ಆ ಜುಹುವಿನಲ್ಲಿಯೇ ಎರಡು ಸಲ ದೊಡ್ಡ ಜೆಟ್ಟುಗಳು ದಾರಿತಪ್ಪಿ ಇಳಿದಿವೆ. 1953ರ ಜುಲೈಯಲ್ಲಿ ಬ್ರಿಟಿಷ್ ಕಂಪನಿಯೊಂದರ ಕಾಮೆಟ್ ವಿಮಾನವು ಸಾಂತಾಕ್ರೂಜ್ ಎಂದು ಭ್ರಮಿಸಿ ಜುಹುವಿನಲ್ಲಿ ಇಳಿಯಿತು. ಒಂಬತ್ತು ದಿನಗಳ ತರುವಾಯ ಅದನ್ನು ಹಾರಿಸಿ ಹೊರತಂದರು. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸಿನ ಡಿಸಿ-8 ಅದೇ ತಪ್ಪು ಮಾಡಿ, ರನ್‌ವೇ ಸಾಲದೆ ಅದರಾಚೆಗೆ ಓಡಿತು. ದೈವದಯೆಯಿಂದ ಪ್ರಾಣಹಾನಿಯಾಗಲಿಲ್ಲ.

ಬೇಕೆಂದೇ, ಸಿದ್ಧತೆಯಿಂದ ಇಳಿಸಿದ ನಿದರ್ಶನವೂ ಉಂಟು. 2015ರ ಮಾರ್ಚ್ 8ರಂದು ಆಸ್ಟ್ರೇಲಿಯದ ಕ್ವಾಂಟಸ್ ಕಂಪನಿಯು ತನ್ನ ಹಳೆಯ ಬೋಯಿಂಗ್ 747 ಅನ್ನು ವಸ್ತುಸಂಗ್ರಹಾಲಯಕ್ಕೆ ಕೊಡುವಾಗ, ಸಿಡ್ನಿಯ ದಕ್ಷಿಣಕ್ಕಿರುವ ಇಲ್ಲವಾರಾ ನಿಲ್ದಾಣದಲ್ಲಿ ಇಳಿಸಿತು. ಅಲ್ಲಿನ ರನ್‌ವೇ 1819 ಮೀಟರು ಉದ್ದ, 30 ಮೀಟರು ಮಾತ್ರ ಅಗಲ. ಚಾಲಕರು ಮೊದಲೇ ಕೃತಕ ಯಂತ್ರದಲ್ಲಿ ಅಭ್ಯಾಸ ಮಾಡಿದ್ದರು; ಇಂಧನ ಅತಿ ಕಡಿಮೆ; ನೆಲದ ಮೇಲಿನ ಒತ್ತಡ ತಗ್ಗಲೆಂದು ಟೈರುಗಳ ಗಾಳಿಯನ್ನು ಇಳಿಸಲಾಗಿತ್ತು. ವಿಮಾನ ಸುಖವಾಗಿ ಇಳಿಯಿತು. ಆದರೆ ಅದು ಅದರ ಕೊನೆಯ ಹಾರಾಟ. ಮತ್ತೆ ಏಳುವ ಹಂಗಿಲ್ಲದ ಇಳಿತ ಒಂದು ಬಗೆ. ವಾರವಾರವೂ ಇಳಿದೇಳುವ ಮನೆಬಳಕೆ ಬೇರೊಂದು ಬಗೆ.

ಮನೆಬಳಕೆಯ ಮಾತಿಗೆ ಅಮೆರಿಕದ ಫ್ಲೋರಿಡಾಕ್ಕೇ ಹೋಗಬೇಕು. ಡೇಟೋನಾ ಬೀಚಿನ ಬಳಿಯ ಸ್ಪ್ರೂಸ್ ಕ್ರೀಕ್ ಎಂಬ ಬಡಾವಣೆಯು ಯುದ್ಧಕಾಲದ ನೌಕಾಪಡೆಯ ವಿಮಾನ ಮೈದಾನದ ಮೇಲೆ ಬೆಳೆದುದು. ಒಂದು ಸಾವಿರಕ್ಕೂ ಮಿಕ್ಕಿದ ಮನೆಗಳು, ನಡುವೆ 4000 ಅಡಿಯ, ಅಂದರೆ ಸುಮಾರು 1220 ಮೀಟರಿನ ರನ್‌ವೇ. ನಮ್ಮಲ್ಲಿ ಮನೆಮುಂದೆ ಟ್ರ್ಯಾಕ್ಟರು ನಿಲ್ಲುವಂತೆ ಅಲ್ಲಿ ಸಣ್ಣ ವಿಮಾನಗಳು ನಿಲ್ಲುತ್ತವೆ. ಚಲನಚಿತ್ರ ನಟ ಜಾನ್ ಟ್ರವೋಲ್ಟಾ ಅವರು ಅಲ್ಲಿ ವಾಸವಾಗಿದ್ದಾಗ ಅವರ ಗಲ್ಫ್‌ಸ್ಟ್ರೀಮ್-2 ಜೆಟ್ಟಿನ ತೂಕ ಮತ್ತು ಸದ್ದಿನ ಕುರಿತು ತಕರಾರು ಎದ್ದಿತು. ಸಣ್ಣ ವಿಮಾನಗಳ ನಡುವೆ ಸುಮಾರು 29 ಟನ್ನಿನ ಜೆಟ್ಟು ಅದು. ತಾವೂ ವಿಮಾನ ಇಟ್ಟುಕೊಂಡವರೇ ನೆರೆಯವನ ವಿಮಾನದ ಬಗ್ಗೆ ಬೇಸತ್ತರೆಂಬುದು ಗಮನಿಸಬೇಕಾದ ಸಂಗತಿ.

ಮುಂದೆ ಅವರು ಓಕಾಲಾ ಬಳಿಯ ಜಂಬೊಲೇರ್ ಎಂಬಲ್ಲಿಗೆ ಹೋದರು. ವ್ಯಾಯಾಮ ಯಂತ್ರಗಳನ್ನು ನಿರ್ಮಿಸಿ ಸಿರಿವಂತರಾದ ಆರ್ಥರ್ ಜೋನ್ಸ್ ಅವರ ಎಸ್ಟೇಟು ಅದು. 1984ರಲ್ಲಿ ಆಫ್ರಿಕದಿಂದ 63 ಆನೆಮರಿಗಳನ್ನು ವಿಮಾನದಲ್ಲಿ ತರಿಸಿದವರು ಅವರು. ಅಲ್ಲಿಯ ರನ್‌ವೇ 7550 ಅಡಿ. ಮೀಟರಿಗೆ ತಿರುಗಿಸಿದರೆ ಸುಮಾರು 2300. ಸಾಂಬ್ರಾದ ಉದ್ದವೂ ಅಷ್ಟೇ! ಒಂದು ಇಡೀ ಜಿಲ್ಲೆಯ ಜನರಿಗೆ ನಾವು ಹೊಂದಿಸಿಕೊಂಡ ನೆಲದ ಉದ್ದ ಅಲ್ಲಿ ಕೆಲವು ಮನೆಗಳ ಅಂಗಳದ ಉದ್ದ. ನಟರು ಅಲ್ಲಿ ತಮ್ಮ ಬೋಯಿಂಗ್ 707 ಅನ್ನೇ ಮನೆಯ ಮುಂದೆ ನಿಲ್ಲಿಸಿದರು. ಚಿಕ್ಕ ರನ್‌ವೇಯಲ್ಲಿ ಹಟ ಹಿಡಿಯದೆ ದೊಡ್ಡ ರನ್‌ವೇ ಇದ್ದಲ್ಲಿಗೆ ಹೋದುದು ಸರಿಯಾದ ದಾರಿಯೇ. ಆದರೆ ಅಂಥ ನೆಲ ನಮ್ಮಲ್ಲಿ ಎಲ್ಲಿದೆ? ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಅಣ್ಣತಮ್ಮಂದಿರು ಎರಡು ಮೂರು ಎಕರೆಗಳನ್ನು ಹಂಚಿಕೊಂಡು ಬಾಳುತ್ತಿದ್ದಾರೆ.

ಉದ್ದವಿದ್ದರೂ ಸಾಲದ ರನ್‌ವೇ

ರನ್‌ವೇ ದೊಡ್ಡದಿದ್ದರೆ ಸಾಕೇ? ಮಂಗಳೂರಿನ ಬಜ್ಪೆ ನಮಗೆ ಕಲಿಸಿದ ಪಾಠವನ್ನು ಮರೆಯಲಾಗದು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಗುಡ್ಡದ ಮೇಲಿನ ಆ ರನ್‌ವೇಯನ್ನು ಮೀರಿ ಕಮರಿಗೆ ಬಿದ್ದು 158 ಜನ ಮಡಿದರು, 8 ಜನ ಉಳಿದರು. ರನ್‌ವೇಯ ಉದ್ದ ಸುಮಾರು 2450 ಮೀಟರು. ಆದರೆ ವಿಮಾನವು ನೆಲ ಮುಟ್ಟಿದುದು ಆರಂಭದಿಂದ ಸುಮಾರು 1580 ಮೀಟರಿನಷ್ಟು ಮುಂದೆ. ಉಳಿದುದು ಸುಮಾರು 860 ಮೀಟರು ಮಾತ್ರ. ಇಳಿಯದೆ ಮತ್ತೆ ಮೇಲೇರೋಣವೆಂದು ಕಿರಿಯ ಚಾಲಕನು ಎಚ್ಚರಿಸಿದ್ದನೆಂದೂ ಹಿರಿಯ ಚಾಲಕನು ಅದನ್ನು ಲಕ್ಷಿಸಲಿಲ್ಲವೆಂದೂ ತನಿಖೆಯಿಂದ ತಿಳಿದುಬಂದಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಿರಿಯ ಕಿರಿಯರೆನ್ನದೆ ಎಲ್ಲರ ಮಾತಿಗೂ ಎಡೆಗೊಟ್ಟ ಅನುಭವ ಮಂಟಪದ ಪರಂಪರೆ ನಮ್ಮದು. ಆ ಮರ್ಯಾದೆ ವಿಮಾನದ ಚಾಲಕ ಕೋಣೆಯಲ್ಲಿಯೂ ಇದ್ದಿದ್ದರೆ ಎಷ್ಟೋ ಮನೆಗಳ ದೀಪಗಳು ಉಳಿಯುತ್ತಿದ್ದವೇನೋ!

ಈಗ ಫ್ಲ್ಯಾಟಿನ ಮಾತು. ಜಕ್ಕೂರಿನ ಮೈದಾನವು ಮೈಸೂರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ ವಿಮಾನ ಕಲಿಕೆಗೆಂದು ಮೀಸಲಾದುದು. ಅಂದು ಊರಹೊರಗಿನ ಬಯಲು. ಇಂದು ಸುತ್ತಲೂ ಬಹುಮಹಡಿಗಳು. ಬಳ್ಳಾರಿ ರಸ್ತೆಯ ಮೇಲ್ಸೇತುವೆ ಎದ್ದಾಗ ಚಿಕ್ಕದಾಗಿದ್ದ ಆ ರನ್‌ವೇಯ ಬಳಕೆಯ ಉದ್ದ ಇನ್ನೂ ಕುಗ್ಗಿತು. ಸಿರಿವಂತರ ದೊಡ್ಡ ಜೆಟ್ಟುಗಳಿಗೆ ಅಲ್ಲಿ ಎಡೆಯಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದ ಬಳಿಕ ಸಾಮಾನ್ಯ ಪ್ರಯಾಣಿಕ ವಿಮಾನಗಳು ನಿಂತುಹೋದ ಹಳೆಯ ಎಚ್‌ಎಎಲ್ ನಿಲ್ದಾಣವು ಅಂಥ ಜೆಟ್ಟುಗಳಿಗೆ ಒದಗುತ್ತದೆ. ಅದರ ರನ್‌ವೇ 3300 ಮೀಟರು. ಆದರೆ ಅಲ್ಲಿಯೂ ಮನೆಗಳು ಗೋಡೆಗೆ ಒತ್ತಿ ನಿಂತಿವೆ.

ಇಂಥಲ್ಲಿ ಮನೆ ಕೊಳ್ಳುವ ನಮ್ಮ ಸಮಾಜದ ಯುವ ದಂಪತಿಗಳು ಮೂರು ಮಾತುಗಳನ್ನು ವಿಚಾರಿಸಬೇಕು. ಒಂದು, ಕಟ್ಟಡದ ಎತ್ತರ. ವಿಮಾನ ನಿಲ್ದಾಣಗಳ ಸುತ್ತಲಿನ ಎತ್ತರಕ್ಕೆ ಕೇಂದ್ರ ಸರಕಾರವು 2015ರಲ್ಲಿ ವಿವರವಾದ ನಿಯಮಗಳನ್ನು ಹೊರಡಿಸಿದೆ; ಆ ನಿಯಮದಂತೆ ಪಡೆದ ನಿರಾಕ್ಷೇಪಣಾ ಪತ್ರವನ್ನು ಕಣ್ಣಾರೆ ನೋಡಬೇಕು. ಉಪಕರಣಗಳ ನೆರವಿನಿಂದ ವಿಮಾನ ಇಳಿಯುವ ದೊಡ್ಡ ರನ್‌ವೇಯ ನೇರದಲ್ಲಿ 50ಕ್ಕೆ 1ರ ಏರು ಇರಬೇಕು; ಅಂದರೆ ಒಂದು ಕಿಲೋಮೀಟರಿಗೆ 20 ಮೀಟರಿನಷ್ಟೇ ಎತ್ತರ, ಆರೇಳು ಮಹಡಿ. ಎರಡು, ಮನೆಯು ರನ್‌ವೇಯ ನೇರದಲ್ಲಿದೆಯೋ ಮಗ್ಗುಲಲ್ಲಿದೆಯೋ. ಅಪಾಯವೂ ಸದ್ದೂ ನೇರದಲ್ಲಿಯೇ ಹೆಚ್ಚು. ಮೂರು, ಹಗಲೊಮ್ಮೆ ನೋಡಿ ಮುಂಗಡ ಕೊಡದೆ, ಬೆಳಗಿನ ಜಾವಕ್ಕೂ ರಾತ್ರಿಗೂ ಅಲ್ಲಿ ಹೋಗಿ ಒಂದು ತಾಸು ಕೂಡಬೇಕು. ತೊಟ್ಟಿಲ ಕೂಸೂ ಹಾಸಿಗೆ ಹಿಡಿದ ಹಿರಿಯರೂ ಆ ಸದ್ದಿನಲ್ಲಿ ಮಲಗಬಲ್ಲರೇ ಎಂಬುದು ಕಾಗದದಲ್ಲಿ ಬರೆದಿರುವುದಿಲ್ಲ.

ಇಷ್ಟು ಕಂಡು ಕೇಳಿದ ಮೇಲೆ ನಮಗೆ ತೋರುವುದಿಷ್ಟು. ಚಿಕ್ಕ ರನ್‌ವೇಯಲ್ಲಿ ದೊಡ್ಡ ವಿಮಾನವನ್ನು ಇಳಿಸುವ ಜಾಣ್ಮೆ ಮನುಷ್ಯನಿಗೆ ಉಂಟು. ಭಾರ ತಗ್ಗಿಸಿ, ಹೊತ್ತು ನೋಡಿ, ಲೆಕ್ಕ ಹಾಕಿ ಏರಲೂಬಹುದು. ಆದರೆ ರನ್‌ವೇಯ ತುದಿಗೂ ಆಚೆಯ ಮನೆಯ ಗೋಡೆಗೂ ನಡುವೆ ಉಳಿದ ಅಂತರವು ಹಾರುವವನ ಸೊತ್ತಲ್ಲ. ಲೆಕ್ಕ ತಪ್ಪಿದ ದಿನ ಆ ಅಂತರವೇ ಗೋಡೆಯೊಳಗಿನವರನ್ನು ಕಾಯಬೇಕಾದುದು. ಅದನ್ನು ತನ್ನ ಅನುಕೂಲಕ್ಕೆ ಖರ್ಚು ಮಾಡುವವನು ಪರರ ಗಂಟನ್ನು ಖರ್ಚು ಮಾಡಿದಂತೆಯೇ.

ಸಂಪತ್ತು ಬಂದಾಗ ಅದು ದಾಸೋಹಕ್ಕೆ ಒದಗಬೇಕೆಂದು ಶರಣರು ಬಾಳಿ ತೋರಿದರು. ವಿಮಾನವೂ ಸಂಪತ್ತೇ. ರೋಗಿಯನ್ನು ಹೊತ್ತು ದೊಡ್ಡ ಆಸ್ಪತ್ರೆಗೆ ಮುಟ್ಟಿಸುವ, ಐವತ್ತು ಜನರನ್ನು ಕಡಿಮೆ ದರದಲ್ಲಿ ಒಯ್ಯುವ ವಿಮಾನವು ಕಾಯಕದಲ್ಲಿದೆ. ನಮ್ಮ ಹೆಣ್ಣುಮಕ್ಕಳು ಗಂಡುಮಕ್ಕಳು ಈ ವಿದ್ಯೆಯನ್ನು ಕಲಿಯಲಿ, ಚಾಲಕರಾಗಲಿ, ಇಂಜಿನಿಯರರಾಗಲಿ. ಕಲಿಯುವಾಗ ರನ್‌ವೇಯ ಉದ್ದವನ್ನು ಅಳೆದಂತೆ ಅದರ ಆಚೆಗಿರುವ ಮನೆಗಳನ್ನೂ ಎಣಿಸುವುದನ್ನು ಕಲಿಯಲಿ. ಹಾರಲು ಆಕಾಶ ವಿಶಾಲವಾಗಿದೆ; ಇಳಿಯಲು ಇರುವ ನೆಲವಾದರೋ ಎಲ್ಲರದು.